ಗೇರುಕಾಯಿ ಸುಡದ ಮನೆ

ನಮ್ಮಪ್ಪ ದಂಡಿನಶಿವರದಲ್ಲಿ ಬಟ್ಟೆ ಒಗೆಯುತ್ತಿದ್ದ. ಊರಿನಲ್ಲಿ ಯಾವ ಪಂಚೆ ಯಾರದು, ಯಾವ ಸೀರೆ ಯಾರ ಬೇಲಿಗೆ ಸಿಕ್ಕಿ ಹರಿದದ್ದು ಎಂಬುದೆಲ್ಲ ಅವನಿಗೆ ಬಾಯಿಪಾಠ. ಹಳ್ಳಿಯ ಅಗಸನಿಗೆ ಬಟ್ಟೆಯ ಮೇಲೆ ಗುರುತು ಹಾಕುವ ದರ್ದು ಇರುವುದಿಲ್ಲ. ತಿಪಟೂರಿನಲ್ಲಿ ಹಾಗೆ ನಡೆಯುವುದಿಲ್ಲ. ಬೀದಿ ತುಂಬ ಕೊಬ್ಬರಿ ಮಂಡಿಯವರ ಮನೆಗಳು. ಎಲ್ಲರದೂ ಅದೇ ಬಿಳಿ ಪಂಚೆ, ಅದೇ ಬಿಳಿ ಅಂಗಿ. ಬಟ್ಟೆಯಷ್ಟೇ ಮನಸ್ಸೂ ಬಿಳಿಯಾಗಿತ್ತೇ ಎಂದು ನನ್ನನ್ನು ಕೇಳಬೇಡಿ. ಒಬ್ಬರ ಪಂಚೆ ಇನ್ನೊಬ್ಬರ ಮನೆಗೆ ಹೋದರೆ ಬೀದಿಯಲ್ಲೇ ರಾಮಾಯಣ. ಅದಕ್ಕೇ ಪೇಟೆಯ ಅಗಸರು ಗೇರುಕಾಯಿಯಿಂದ ಗುರುತು ಹಾಕುತ್ತಾರೆ.

ಗೋಡಂಬಿ ಬಿಡುವ ಗೇರಲ್ಲ ಇದು. ಚಿಕ್ಕನಾಯಕನಹಳ್ಳಿ ಕಡೆಯ ಗುಡ್ಡಗಳಲ್ಲಿ ಬೆಳೆಯುವ ಕಾಡು ಗೇರು. ಕಾಯಿಗೆ ಸೂಜಿ ಚುಚ್ಚಿದರೆ ತುದಿಗೆ ಕಪ್ಪು ಎಣ್ಣೆಯಂಥ ರಸ ಅಂಟಿಕೊಂಡು ಬರುತ್ತದೆ. ಅದರಿಂದ ಬಟ್ಟೆಯ ಮೂಲೆಗೆ ಎರಡು ಚುಕ್ಕಿಯೋ, ಒಂದು ಗೀಟೋ, ಆಯಾ ಮನೆಯ ಗುರುತು ಬರೆದು ಮೇಲೆ ಒದ್ದೆ ಸುಣ್ಣ ಒತ್ತಬೇಕು. ಆಮೇಲೆ ಬಟ್ಟೆ ಹರಿದು ಚಿಂದಿಯಾದರೂ ಗುರುತು ಹೋಗುವುದಿಲ್ಲ. ಆದರೆ ಆ ರಸ ಮೈಗೆ ತಗುಲಿದರೆ ಬೊಕ್ಕೆ ಏಳುತ್ತದೆ. ದನ ಕಾಯುವವರು ಆ ಮರದ ನೆರಳಿಗೂ ಹೋಗುವುದಿಲ್ಲ.

ಎಮರ್ಜೆನ್ಸಿ ಮುಗಿದ ವರ್ಷ ನನ್ನನ್ನು ಕೊಟ್ಟದ್ದು ತಿಪಟೂರಿಗೆ, ಗೇರುಕಾಯಿ ಸುಡದ ಮನೆಗೆ. ನನ್ನ ಅತ್ತೆ ಓಬಮ್ಮ ಆ ರಸದ ಬೆರಳಿನಲ್ಲೇ ಹಣೆಯ ಬೆವರು ಒರೆಸಿಕೊಳ್ಳುತ್ತಿದ್ದಳು, ಅದೇ ಬೆರಳಿನಲ್ಲಿ ಎಲೆಗೆ ಸುಣ್ಣ ಸವರಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಅವಳಿಗೆ ಏನೂ ಆಗುತ್ತಿರಲಿಲ್ಲ. ಅವಳ ಮಗ ದುರ್ಗಯ್ಯ, ಅಂದರೆ ನನ್ನ ಗಂಡ, ಅವನಿಗೂ ಅಷ್ಟೇ. ಅದು ಮನೆದೇವರು ರಂಗಪ್ಪನ ವರ ಎಂದು ಓಬಮ್ಮ ಕೇಳಿದವರಿಗೂ ಹೇಳುತ್ತಿದ್ದಳು, ಕೇಳದವರಿಗೂ ಹೇಳುತ್ತಿದ್ದಳು.

ಆ ಮನೆಯಲ್ಲಿ ಒಂದು ಪದ್ಧತಿ. ಹೊಸ ಸೊಸೆ ಹೊಸಲು ದಾಟಿದ ದಿನ ಗಂಡನ ಪಂಚೆಯ ಅಂಚಿಗೆ ಗೇರುಕಾಯಿಯ ಗುರುತು ಹಾಕಬೇಕು. ಮಾರನೆಯ ಬೆಳಿಗ್ಗೆ ಅತ್ತೆ ಅವಳ ಕೈ ನೋಡುತ್ತಾಳೆ. ಸುಡದಿದ್ದರೆ ದೇವರು ಒಪ್ಪಿಕೊಂಡ ಎಂದು ಅರ್ಥ. ಶ್ರಾವಣದಲ್ಲಿ ನನ್ನ ಮದುವೆ. ಅಭ್ಯಾಸವಿಲ್ಲದ ಕೈಯಲ್ಲಿ ಸೂಜಿ ಹಿಡಿದೆ. ರಸ ಹೆಬ್ಬೆರಳಿಗೆಲ್ಲ ಮೆತ್ತಿಕೊಂಡಿತು. ಬೆಳಿಗ್ಗೆ ಎದ್ದು ನೋಡಿದರೆ ಕೈ ಹಾಗೇ ಇತ್ತು. ಓಬಮ್ಮ ನನ್ನ ಅಂಗೈಯನ್ನು ಕೇರಿಯವರಿಗೆಲ್ಲ ತೋರಿಸಿದಳು.

"ನೋಡ್ರವ್ವ, ನನ್ ಸೊಸೆ ಕೈ ಬೆಣ್ಣೆ ಇದ್ದಂಗೆ ಐತೆ. ರಂಗಪ್ಪ ಒಪ್ಕಂಡ, ಬುಡಿ."

ಆವತ್ತು ಕೇರಿಗೆಲ್ಲ ಪುರಿ, ಬೆಲ್ಲ ಹಂಚಿದರು. ನನಗೂ ಹೆಮ್ಮೆಯೇ. ಒಂದು ಮನೆಗೆ ಪೂರ್ತಿ ಸೇರಿದೆ ಎನ್ನಿಸಿದ್ದು ಆ ದಿನ ಒಂದೇ.

ಹೊಸ ಮದುವಣಗಿತ್ತಿ ಗೌರಿ ಹಬ್ಬಕ್ಕೆ ತವರಿಗೆ ಹೋಗಬೇಕಲ್ಲ, ಹೋಗಿ ಬಂದೆ. ಬಂದ ಮಾರನೆಯ ದಿನ ಗುರುತು ಹಾಕಲು ಕುಳಿತೆ. ಎರಡನೆಯ ದಿನಕ್ಕೆ ಬೆರಳ ಸಂದಿಯಲ್ಲಿ ತುರಿಕೆ. ಮೂರನೆಯ ದಿನಕ್ಕೆ ಕೈ ತುಂಬ ನೀರುಗುಳ್ಳೆ, ಮುಖ ಊದಿ ಕಣ್ಣು ಮುಚ್ಚಿಹೋಯಿತು. ಓಬಮ್ಮ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು.

"ಬಂದ ದಿನ ಸುಡಲಿಲ್ಲ, ಈಗ ಸುಟ್ಟೈತೆ. ಮಧ್ಯದಾಗೆ ಏನೋ ಆಗೈತೆ. ತವರಿನಾಗೆ ಏನಮ್ಮಿ ಮಾಡ್ಕಂಡು ಬಂದೆ?"

"ಏನೂ ಇಲ್ಲ ಅತ್ತೆ. ಪೂಜೆ ಮಾಡಿ ಒಬ್ಬಟ್ಟು ತಿಂದು ಬಂದೆ."

"ಒಬ್ಬಟ್ಟು ತಿಂದ್ರೆ ಮಕ ಒಬ್ಬಟ್ಟಾಗಲ್ಲ ಕಣೇ."

ಬೆಂಕಿ ಇಲ್ಲದೆ ಹೊಗೆ ಆಡುವುದಿಲ್ಲ ಎಂದು ಕೇರಿಯ ಹೆಂಗಸರು ತಲೆಯಾಡಿಸಿದರು. ಮೊದಲು ಒಪ್ಪಿದ ದೇವರು ಆಮೇಲೆ ಒಲ್ಲೆ ಎಂದನೆಂದರೆ ನಡುವೆ ತಪ್ಪು ನಡೆದಿರಲೇಬೇಕು. ಏನು ತಪ್ಪು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೆಣ್ಣಿನ ವಿಷಯದಲ್ಲಿ ಹೇಳುವ ಅಗತ್ಯವೂ ಇಲ್ಲವಷ್ಟೆ. ದುರ್ಗಯ್ಯ ನನ್ನನ್ನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಉತ್ತರವಾದರೂ ಕೊಡುತ್ತಿದ್ದೆ. ಅವನು ಮೂಟೆ ಕತ್ತೆಯ ಮೇಲೆ ಹೇರಿಕೊಂಡು ಕೆರೆಗೆ ಹೋದ.

ರಂಗಪ್ಪನಿಗೆ ತಪ್ಪುಕಾಣಿಕೆ ಕಟ್ಟಿದರು. ಗುಳ್ಳೆ ಒಣಗಿತು, ಸಿಪ್ಪೆ ಸುಲಿಯಿತು. ಮತ್ತೆ ಗುರುತಿಗೆ ಕುಳಿತೆ, ಮತ್ತೆ ಊದಿತು. ಆಮೇಲೆ ಕುಳಿತುಕೊಳ್ಳುವುದೇ ಬೇಕಾಗಲಿಲ್ಲ. ಗುರುತಿದ್ದ ಬಟ್ಟೆ ಮಡಿಸಿದರೆ ಸಾಕು, ಅತ್ತೆ ಮುಟ್ಟಿದ ಚೊಂಬು ಹಿಡಿದರೆ ಸಾಕು. ಗಂಡ ಪ್ರೀತಿಯಿಂದ ಕೆನ್ನೆ ಸವರಿದರೆ ಮಾರನೆಯ ದಿನ ಅವನ ಐದು ಬೆರಳೂ ಕೆನ್ನೆಯ ಮೇಲೆ ಕೆಂಪಗೆ ಮೂಡುತ್ತಿದ್ದವು. ನೋಡಿದವರು ಹೊಡೆದ ಎಂದುಕೊಳ್ಳುತ್ತಿದ್ದರು.

ಹೀಗೆ ನನಗೆ ಬೇರೆ ಚಾಪೆ, ಬೇರೆ ಚೊಂಬು, ಬೇರೆ ಮೂಲೆ ಆಯಿತು. ಗಂಡ ಜಗುಲಿಯ ಮೇಲೆ ಮಲಗತೊಡಗಿದ. ಊರಿನ ಕೊಳೆಯನ್ನೆಲ್ಲ ಮುಟ್ಟಿ ಒಗೆಯುವ ಮನೆಯಲ್ಲಿ ಮುಟ್ಟಬಾರದವಳು ನಾನೊಬ್ಬಳೇ. ಅಡುಗೆ ಮಾಡಿ ಹೊಸಲಿನ ಹತ್ತಿರ ಇಟ್ಟು ಒಳಗೆ ಹೋಗುತ್ತಿದ್ದೆ. ಅವರು ಮಾತಾಡಿಕೊಂಡು ಉಣ್ಣುವುದನ್ನು ಒಲೆಯ ಮುಂದೆ ಕುಳಿತು ಕೇಳಿಸಿಕೊಳ್ಳುತ್ತಿದ್ದೆ.

ಒಂದು ದಿನ ಓಬಮ್ಮನಿಗೆ ಹೊಳೆಯಿತು. ಅವರ ಮನೆಯಲ್ಲಿ ಕೂಸುಗಳಿಗೆ ಗೇರುಕಾಯಿ ತಿನ್ನಿಸುವ ವಾಡಿಕೆ ಇತ್ತು. ಕಾಯಿಯ ರಸವನ್ನು ಸೂಜಿಯ ಮೊನೆಯಷ್ಟು ತೆಗೆದು, ತುಪ್ಪದಲ್ಲಿ ಕಲಸಿ, ಅರೆದ ಕೊಬ್ಬರಿಯ ಜೊತೆ ನಾಲಿಗೆಗೆ ಸವರುವುದು. "ಮೈಗೆ ಸೋಕೋ ಮುಂಚೆ ಬಾಯಿಗೆ ಬೀಳ್ಬೇಕು" ಎಂದು ಅವಳ ಅತ್ತೆ ಹೇಳಿಕೊಟ್ಟ ಮಾತು. ನನ್ನ ಬಾಯಿಗೆ ಬಿದ್ದಿರಲಿಲ್ಲ. ಈಗ ಬೀಳಿಸಿದರಾಯಿತು ಎಂದುಕೊಂಡಳು. ಕೆಟ್ಟ ಮನಸ್ಸಿನಿಂದ ಮಾಡಿದಳೆಂದು ನಾನು ಹೇಳುವುದಿಲ್ಲ. ದೊಡ್ಡವಳಿಗೆ ದೊಡ್ಡ ಪ್ರಮಾಣ ಬೇಕೆಂದು ಹೆಬ್ಬೆರಳಿನಷ್ಟು ತುಪ್ಪ ನಾಲಿಗೆಗೆ ಇಟ್ಟಳು. ನಾನೂ ಬಾಯಿ ತೆರೆದೆ. ಎಲ್ಲರ ಜೊತೆ ಕುಳಿತು ಉಣ್ಣುವ ಆಸೆ ನನಗೆ ಅಷ್ಟಿತ್ತು.

ಆ ಮೇಲಿನದು ನನಗೆ ಪೂರ್ತಿ ನೆನಪಿಲ್ಲ. ತುಟಿ ಒಡೆದು, ಗಂಟಲು ಬಿಗಿದು, ನೆತ್ತಿಯಿಂದ ಅಂಗಾಲಿನವರೆಗೆ ಮೈಯೆಲ್ಲ ಒಂದು ಹಸಿ ಗಾಯ. ದುರ್ಗಯ್ಯ ಎರಡೂ ಕೈಗೆ ಬಾಳೆ ಎಲೆ ಸುತ್ತಿಕೊಂಡು ನನ್ನನ್ನು ಎತ್ತಿ ಜಟಕಾಕ್ಕೆ ಹಾಕಿದ. ಜಟಕಾದವನು ಹೆಣ ಎಂದುಕೊಂಡು ಕುದುರೆ ಬಿಚ್ಚಲು ಹೊರಟಿದ್ದನಂತೆ.

ಆಸ್ಪತ್ರೆಯಲ್ಲಿ ಬೆಂಗಳೂರಿನ ಕಡೆಯ ಒಬ್ಬ ಡಾಕ್ಟರಮ್ಮ ಇದ್ದರು. ವಯಸ್ಸು ಚಿಕ್ಕದು, ಕನ್ನಡಕ ದೊಡ್ಡದು. ಮಾತ್ರೆ ಕೊಟ್ಟರು, ಸೂಜಿ ಕೊಟ್ಟರು, ಮೈಗೆಲ್ಲ ಗುಲಾಬಿ ಬಣ್ಣದ ಸುಣ್ಣದ ನೀರಿನಂಥದ್ದು ಹಚ್ಚಿಸಿದರು. ನಾನು ಕಣ್ಣು ಬಿಟ್ಟ ಮೇಲೆ ಸ್ಟೂಲು ಎಳೆದುಕೊಂಡು ಕುಳಿತರು. ದುರ್ಗಯ್ಯ ಮಂಚದಿಂದ ದೂರ, ಗೋಡೆಗೆ ಒತ್ತಿಕೊಂಡು ನಿಂತಿದ್ದ.

"ಆ ಕಾಯಿ ಮುಟ್ಟಿದ ಮೊದಲ ದಿನ ಏನೂ ಆಗಲಿಲ್ಲ ಅಲ್ವಾ?" ಎಂದು ಅವರೇ ಕೇಳಿದರು.

ಇವರಿಗೂ ಸುದ್ದಿ ಮುಟ್ಟಿದೆ ಎಂದು ನಾನು ಮುಖ ಆಚೆ ತಿರುಗಿಸಿದೆ.

"ಸಾಮಾನ್ಯವಾಗಿ ಮೊದಲ ದಿನ ಯಾರಿಗೂ ಆಗಲ್ಲಮ್ಮ. ಮೈ ಒಳಗೆ ಕಾವಲು ಕಾಯೋ ಕಣಗಳಿರ್ತವೆ. ಹೊಸದೇನೋ ಬಂತು, ಇದು ಶತ್ರು ಅಂತ ತೀರ್ಮಾನ ಮಾಡಿ ದಂಡು ಕಟ್ಟೋಕೆ ಅವಕ್ಕೆ ಎರಡು ವಾರ ಬೇಕು. ಅಷ್ಟರಲ್ಲಿ ನೀನು ಹಬ್ಬಕ್ಕೆ ಹೋಗಿ ಬಂದಿದ್ದೀಯ. ಮತ್ತೆ ಮುಟ್ಟಿದಾಗ ದಂಡು ಏರಿಬಂತು. ನಿನ್ನ ತಪ್ಪೇನೂ ಇಲ್ಲ."

ಆ ಕೊನೆಯ ಮಾತನ್ನು ಇನ್ನೊಂದು ಸಲ ಹೇಳಿ ಎಂದು ಕೇಳಿದೆ. ಹೇಳಿದರು. ನನಗೆ ಅಳು ಬಂತು. ಒಡೆದ ಕೆನ್ನೆಯ ಮೇಲೆ ಕಣ್ಣೀರು ಹರಿದರೆ ಉರಿ ಎಷ್ಟೆಂದು ಅನುಭವಿಸಿದವರಿಗೇ ಗೊತ್ತು. ದುರ್ಗಯ್ಯ ತಲೆ ಬಗ್ಗಿಸಿ ನೆಲ ನೋಡುತ್ತಿದ್ದ.

"ಕಾಯಿ ಮಾಡೋದು ಸ್ವಲ್ಪ. ಅದನ್ನ ಓಡಿಸೋಕೆ ಹೋಗಿ ನಿನ್ನ ಮೈ ತನ್ನನ್ನ ತಾನೇ ಸುಟ್ಟುಕೊಳ್ಳೋದು ಹೆಚ್ಚು."

"ಬೇಲೀನೇ ಎದ್ದು ಹೊಲ ಮೇಯ್ದಂಗಾ?"

"ಹಾಗೇ ಅಂದ್ಕೋ."

"ಹಂಗಾರೆ ನಮಗ್ಯಾಕೆ ಆಗಲ್ಲ ಡಾಕ್ಟ್ರಮ್ಮ?" ಎಂದು ಗೋಡೆಯ ಕಡೆಯಿಂದ ದುರ್ಗಯ್ಯನ ದನಿ ಬಂತು. ಕೂಸುಗಳಿಗೆ ತಿನ್ನಿಸುವ ವಾಡಿಕೆಯನ್ನು, ಬಾಯಿಗೆ ಮೊದಲು ಬೀಳಬೇಕೆಂಬ ಮಾತನ್ನು ತಡವರಿಸುತ್ತ ಹೇಳಿದ. ಡಾಕ್ಟರಮ್ಮ ಸ್ಟೂಲಿನ ಮೇಲೆ ನೆಟ್ಟಗಾದರು. ಅವರ ಕಣ್ಣಲ್ಲಿ ನಾವು ರೋಗಿಗಳು ಹೋಗಿ ಇನ್ನೇನೋ ಆದೆವು.

"ವಿದೇಶದಲ್ಲಿ ಇಲಿಗಳಿಗೆ ಹೀಗೇ ಮಾಡಿ ನೋಡಿದ್ದಾರೆ. ಸುಡೋ ಔಷಧಿಯನ್ನ ಮೊದಲು ತಿನ್ನಿಸಿ, ಆಮೇಲೆ ಚರ್ಮಕ್ಕೆ ಹಚ್ಚಿದ್ರೆ ಅವಕ್ಕೆ ಸುಡಲಿಲ್ಲ. ಕಾವಲಿನ ಕಣಗಳಲ್ಲೇ ಇನ್ನೊಂದು ಜಾತಿ ಇದೆ ಅಂತಾರೆ. ಅವು ಹೊಡೆಯಲ್ಲ, ಹೊಡೆಯೋರನ್ನ ತಡೀತವೆ. ಸಾಕು, ಬಿಡಿ, ಇವನು ನಮ್ಮವನೇ ಅಂತವೆ. ಅವು ಇಲ್ಲದಿದ್ರೆ ತಿನ್ನೋ ರಾಗಿಮುದ್ದೇನೂ ಶತ್ರು, ನಮ್ಮ ಕೀಲು, ನಮ್ಮ ಚರ್ಮಾನೂ ಶತ್ರು. ಮೈ ಕಡ್ಡಿಯನ್ನ ಗುಡ್ಡ ಮಾಡ್ಕೊಂಡು ಸತ್ತೇ ಹೋಗುತ್ತೆ. ಬಾಯಿಂದ ಒಳಗೆ ಹೋಗಿದ್ದಕ್ಕೆ ಈ ತಡೆಯೋ ಕಣಗಳು ಬೇಗ ಹುಟ್ಟುತ್ತವೆ ಅನ್ನಿಸುತ್ತೆ. ನಿನ್ನ ಗಂಡನ ಮೈಯಲ್ಲಿ ತಡೆಯೋರು ಮೊದಲು ಹುಟ್ಟಿದ್ರು. ನಿನ್ನ ಮೈಯಲ್ಲಿ ಹೊಡೆಯೋರು ಮೊದಲು ಹುಟ್ಟಿದ್ರು. ಅವರು ದಂಡು ಕಟ್ಟಿದ ಮೇಲೆ ತಿನ್ನಿಸಿದ್ರೆ ಉರಿಯೋ ಬೆಂಕಿಗೆ ತುಪ್ಪ ಸುರಿದ ಹಾಗೆ."

ಸುರಿದದ್ದೂ ತುಪ್ಪವೇ ಎಂದು ಹೇಳೋಣವೆನ್ನಿಸಿತು, ತುಟಿ ಬಿಡಲಿಲ್ಲ.

"ಆ ತಡೆಯೋ ಕಣಾನ ಯಾರಾರ ಕಂಡವ್ರಾ?" ಎಂದೆ.

"ಕಂಡವರು ಇಲ್ಲ. ಇರಬೇಕು ಅಂತ ಊಹೆ. ಇಲ್ಲವೇ ಇಲ್ಲ ಅಂತ ಜಗಳ ಮಾಡೋ ಡಾಕ್ಟರುಗಳೂ ಇದ್ದಾರೆ. ಆದರೆ ತಿನ್ನಿಸಿದ ಇಲಿಯ ಮೈಯಿಂದ ಕಣ ತೆಗೆದು ಇನ್ನೊಂದು ಇಲಿಗೆ ಹಾಕಿದ್ರೆ ಅದಕ್ಕೂ ತಡೆ ಬಂತಂತೆ."

ಈ ಮಾತಿಗೆ ದುರ್ಗಯ್ಯ ಗೋಡೆ ಬಿಟ್ಟು ಮುಂದೆ ಬಂದ. ಅಂಗಿಯ ತೋಳು ಮೇಲೆ ಸರಿಸಿ ಕೈ ಚಾಚಿದ.

"ತಕಳ್ಳಿ. ನನ್ ಮೈಯಾಗಿಂದ ತಗದು ಅವಳಿಗೆ ಹಾಕಿ. ಎಷ್ಟು ಬೇಕಾರೂ ತಕಳ್ಳಿ."

ಡಾಕ್ಟರಮ್ಮ ಅವನ ಕೈಯನ್ನೇ ನೋಡಿದರು. ಆ ಇಲಿಗಳೆಲ್ಲ ಒಂದೇ ಅಚ್ಚಿನವು, ಮನುಷ್ಯರಲ್ಲಿ ಒಬ್ಬರ ಕಣವನ್ನು ಇನ್ನೊಬ್ಬರ ಮೈ ಒಪ್ಪುವುದಿಲ್ಲ ಎಂದು ಮೆಲ್ಲಗೆ ಹೇಳಿದರು. ದುರ್ಗಯ್ಯ ತೋಳು ಇಳಿಸಲಿಲ್ಲ, ಬಹಳ ಹೊತ್ತು ಹಾಗೇ ನಿಂತಿದ್ದ. ಆ ಒಂದು ಗಳಿಗೆಗಾಗಿ ನಾನು ಅವನ ಎಷ್ಟೋ ಮೌನಗಳನ್ನು ಕ್ಷಮಿಸಿದ್ದೇನೆ.

"ಹಂಗಾರೆ ನನ್ ಮೈಯಾಗೆ ಸಾಕು ಅನ್ನೋವ್ರು ಯಾರೂ ಇಲ್ವಾ?" ಎಂದೆ.

"ಇದ್ದಾರಮ್ಮ. ಬೇರೆ ಎಲ್ಲದಕ್ಕೂ ಇದ್ದಾರೆ. ಇದೊಂದಕ್ಕೆ ಇಲ್ಲ."

"ಇದೊಂದೇ ಕಣ್ರೀ ನನ್ ಮನೆ."

ಡಾಕ್ಟರಮ್ಮ ಗೇರುಕಾಯಿ ಬಿಟ್ಟು ಬಣ್ಣದ ದಾರದಲ್ಲಿ ಗುರುತು ಹೊಲಿಯಿರಿ ಎಂದು ಹೇಳಿ ಕಳಿಸಿದರು. ಹೊಲಿದೂ ನೋಡಿದೆವು. ಚೌಳು ಮಣ್ಣು ಹಾಕಿ ಉಬ್ಬೆಯ ಹಬೆಯಲ್ಲಿ ಬೇಯಿಸಿ ಕಲ್ಲಿಗೆ ಬಡಿದರೆ ದಾರ ಎಷ್ಟು ದಿನ ನಿಂತೀತು? ಗುರುತು ಕಳೆದ ಪಂಚೆಗಳು ಅದಲುಬದಲಾಗಿ, ಮಂಡಿಯವರ ಮನೆಯ ಹೆಂಗಸರು ಬಾಗಿಲಿಗೆ ಬಂದು ಬೈದು ಹೋದರು.

ದುರ್ಗಯ್ಯ ಮಾತ್ರ ಗುರುತು ಹಾಕುವುದನ್ನು ಬಿಟ್ಟ. ಹುಣಸೆಹಣ್ಣು, ಬೂದಿ, ಕೊಬ್ಬರಿ ಎಣ್ಣೆ ಎಲ್ಲ ಹಾಕಿ ಕೈ ತಿಕ್ಕಿ ತಿಕ್ಕಿ ಬಿಳುಚಿಸಿಕೊಂಡ. ಸೂಜಿ ಓಬಮ್ಮನ ಕೈಗೇ ಹೋಯಿತು. ಆಸ್ಪತ್ರೆಯ ಮಾತನ್ನು ಮಗ ಹೇಳಿದಾಗ ಅವಳು, "ಕಾಣ್ದೇ ಇರೋದನ್ನ ನಾವು ನಂಬಿದ್ರೆ ಮೌಢ್ಯ, ಅವ್ರು ನಂಬಿದ್ರೆ ಡಾಕ್ಟ್ರಿಕೆ" ಎಂದಳು. ನನಗೆ ನಗು ಬಂತು. ಆದರೂ ಅವಳು ನನ್ನ ತವರಿನ ಮಾತು ಮತ್ತೆ ಎತ್ತಲಿಲ್ಲ. ಆ ಚಳಿಗಾಲದಲ್ಲಿ ಗಂಡ ಒಳಗೆ ಮಲಗಿದ. ಕೆನ್ನೆ ಸವರಿದರೆ ಬೆಳಿಗ್ಗೆ ಕೆನ್ನೆ ಹಾಗೇ ಇರುತ್ತಿತ್ತು. ನಾನು ಬಸುರಾದೆ.

ಸುಖ ಹೆಚ್ಚು ದಿನ ಇರಲಿಲ್ಲ. ಓಬಮ್ಮನ ಕಣ್ಣಿಗೆ ಪೊರೆ ಬಂತು. ಎರಡು ಚುಕ್ಕಿ ಹಾಕುವಲ್ಲಿ ಮೂರು ಹಾಕಿದಳು, ಗೀಟು ಎಳೆಯುವಲ್ಲಿ ಕತ್ತರಿ ಹಾಕಿದಳು. ಅಳಿಸಲಾಗದ ತಪ್ಪುಗಳು ಅವು. ಒಂದೊಂದೇ ಮನೆ ಕೈ ತಪ್ಪಿಹೋಗತೊಡಗಿತು. ಕೊನೆಗೆ ದುರ್ಗಯ್ಯ ನನ್ನ ಕಡೆ ನೋಡದೆ ಸೂಜಿ ತೆಗೆದುಕೊಂಡ. ಕೈ ಉಜ್ಜಿಕೊಂಡೇ ಬರುತ್ತಿದ್ದ, ಆದರೆ ದಿನವೂ ಹಿಡಿಯುವ ರಸ ಉಗುರಿನ ಸಂದಿಯಿಂದ ಹೋಗುವುದಿಲ್ಲ. ಅವತ್ತಿನಿಂದ ಮತ್ತೆ ಜಗುಲಿಯ ಮೇಲೆ ಮಲಗಿದ.

ಬೇರೆ ಕೆಲಸ ಹಿಡಿಯಬಹುದಿತ್ತಲ್ಲ ಎನ್ನುತ್ತೀರಿ. ನಾನೂ ಅಂದೆ. "ಕಣ್ಣಿಲ್ಲದ ಅವ್ವನ ಎಲ್ಲಿ ಬುಡ್ಲಿ ರಾಮಿ?" ಎಂದ. ಅವನು ಜಗುಲಿಯಲ್ಲಿ ಕೆಮ್ಮಿದರೆ ಗೋಡೆಯ ಈಚೆ ನನಗೆ ಕೇಳಿಸುತ್ತಿತ್ತು. ಹೊಟ್ಟೆಯಲ್ಲಿ ಮಗು ಒದ್ದರೆ ಅವನ ಕೈ ತಂದು ಇಟ್ಟುಕೊಳ್ಳುವ ಹಾಗಿರಲಿಲ್ಲ. ಗೋಡೆಗೆ ಬಾಯಿ ಹತ್ತಿರ ಹಿಡಿದು, "ಈಗ ಒದೀತು" ಎಂದು ಹೇಳುತ್ತಿದ್ದೆ. "ಹೂಂ" ಎನ್ನುತ್ತಿದ್ದ.

ತವರಿನಲ್ಲಿ ಹೆತ್ತೆ. ಹೆಣ್ಣು ಮಗು, ಓಬಮ್ಮ ಹೇಳಿಕಳಿಸಿದಂತೆ ರಂಗಮ್ಮ ಎಂದು ಹೆಸರಿಟ್ಟೆವು. ಐದು ತಿಂಗಳು ಆ ಮಗು ನನ್ನ ಮೈಗೆ ಅಂಟಿಕೊಂಡೇ ಬೆಳೆಯಿತು. ಯಾರ ಕೈಗೂ ಹೆದರದೆ, ಯಾವ ಬಟ್ಟೆಗೂ ಹೆದರದೆ ಒಂದು ಜೀವವನ್ನು ಅಪ್ಪಿಕೊಳ್ಳುವುದು ಎಂಥ ಸುಖವೆಂದು ನನಗೆ ಆಗ ತಿಳಿಯಿತು. ಅಲ್ಲೇ ಇದ್ದುಬಿಡೋಣ ಎಂದು ದಿನಾ ಅಂದುಕೊಳ್ಳುತ್ತಿದ್ದೆ. ಆದರೆ ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಅತ್ತಿಗೆ ಪಾತ್ರೆಗಳನ್ನು ಸದ್ದು ಮಾಡಿ ಇಡತೊಡಗಿದಳು.

ಕರೆದುಕೊಂಡು ಹೋಗಲು ದುರ್ಗಯ್ಯ ಬಂದ. ಮಗುವನ್ನು ಮುಟ್ಟಲಿಲ್ಲ. ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ಬಗ್ಗಿ ನೋಡಿದ, ಬಾಯಲ್ಲಿ ಕ್ಲಕ್ ಕ್ಲಕ್ ಎನ್ನಿಸಿದ. ಬಸ್ಸಿಳಿದ ಕೂಡಲೇ ನಾನು ಮನೆಗೆ ಹೋಗದೆ ಆಸ್ಪತ್ರೆಗೆ ಹೋದೆ. ಮಗುವಿಗೆ ಆ ರಸದ ತುಪ್ಪ ತಿನ್ನಿಸಲೇ ಎಂದು ಕೇಳಿದೆ.

"ಬೇಡ" ಎಂದರು ಡಾಕ್ಟರಮ್ಮ. "ಇಲಿಗೆ ಆಗಿದ್ದು ಮಗುವಿಗೂ ಆಗುತ್ತೆ ಅಂತ ನಾನು ಹೇಳಲಾರೆ. ಅದು ವಿಷ. ಬಾಯಿ ಸುಡಬಹುದು, ಕಿಡ್ನಿ ಹೋಗಬಹುದು, ಜೀವಾನೇ ಹೋಗಬಹುದು."

"ತಿನ್ಸದೆ ಆ ಮನೇಲಿ ಬೆಳೆಸಿದ್ರೆ?"

ಅವರು ಮಗುವಿನ ಕೆನ್ನೆ ಮುಟ್ಟಿದರು. "ನಿನ್ನ ಹಾಗೆ ಆಗಬಹುದು. ಆಗದೆಯೂ ಇರಬಹುದು."

"ನೀವಾಗಿದ್ರೆ ಏನ್ ಮಾಡ್ತಿದ್ರಿ?"

"ನಾನಾಗಿದ್ರೆ ಆ ಮನೆಗೆ ಹೋಗ್ತಿರಲಿಲ್ಲ" ಎಂದರು. ಪಾಪ, ನಿಜವನ್ನೇ ಹೇಳಿದರು. ಅವರಿಗೆ ಹೋಗಲು ಕ್ವಾರ್ಟರ್ಸ್ ಇತ್ತು.

ಮನೆಯಲ್ಲಿ ಓಬಮ್ಮ ಬಾಗಿಲಲ್ಲೇ ಕುಳಿತಿದ್ದಳು. ಮಗುವಿನ ಸದ್ದಿಗೆ ಕಿವಿ ಆನಿಸಿ ಕೈ ಚಾಚಿದವಳು ತಾನೇ ಹಿಂದಕ್ಕೆ ಎಳೆದುಕೊಂಡಳು. ಆ ಕೈ ಹಿಂದಕ್ಕೆ ಹೋದದ್ದನ್ನು ನಾನು ನೋಡಿದೆ.

"ಕೂಸಿನ ಬಾಯಿಗೆ ಇನ್ನೂ ಬಿದ್ದಿಲ್ಲ. ಅದಕ್ಕೇ ಮುಟ್ಟಲ್ಲ ಕಣೇ" ಎಂದಳು. ಆಮೇಲೆ, ಆ ಮನೆಗೆ ಬಂದಾಗಿನಿಂದ ನಾನು ಕೇಳದೇ ಇದ್ದ ಒಂದು ಮಾತು ಹೇಳಿದಳು. "ನೀನು ಬ್ಯಾಡ ಅಂದ್ರೆ ನಾನು ತಿನ್ಸಲ್ಲ. ನಿನಗೆ ತಿನ್ಸಿ ನೋಡಿವ್ನಿ, ಸಾಕಾಗೈತೆ."

"ಅತ್ತೆ, ನೀವು ಎಷ್ಟು ಮಕ್ಳಿಗೆ ತಿನ್ಸಿದ್ರಿ?"

"ಆರು."

ಉಳಿದದ್ದು ನಾಲ್ಕು, ದುರ್ಗಯ್ಯ ಮತ್ತು ಮದುವೆಯಾಗಿ ಹೋದ ಮೂವರು ಹೆಣ್ಣುಮಕ್ಕಳು ಎಂದು ಕೇರಿಗೆಲ್ಲ ಗೊತ್ತು.

"ಆ ಎರಡು ಹೋಗಿದ್ದು ತಿನ್ಸಿದ ಮೇಲಾ, ಮುಂಚೆನಾ?"

ಅವಳು ಪೊರೆ ಬಂದ ಕಣ್ಣುಗಳನ್ನು ನನ್ನ ಕಡೆ ಎತ್ತಿದಳು. "ಮೇಲೆ" ಎಂದಳು. "ಆದ್ರೆ ಜರ ಕಣಮ್ಮಿ. ಊರಿಗೆಲ್ಲ ಬಂದಿತ್ತು. ಜರಾನೇ ಇರ್ಬೇಕು."

ಇಷ್ಟು ವರ್ಷ ಅವಳೂ ಅದನ್ನೇ ಯೋಚಿಸಿಕೊಂಡು ಮಲಗುತ್ತಿದ್ದಳೆಂದು ನನಗೆ ಆಗ ಗೊತ್ತಾಯಿತು.

ಕೆಲವು ದಿನ ಮಗುವನ್ನು ನನ್ನ ಮೂಲೆಯಲ್ಲೇ ಇಟ್ಟುಕೊಂಡೆ. ನಿಜ ಹೇಳುತ್ತೇನೆ, ತಿನ್ನಿಸುವುದೇ ಬೇಡ, ಇವಳೂ ನನ್ನ ಹಾಗೇ ಆಗಲಿ ಎಂಬ ಆಸೆ ಬಂತು. ಒಂದು ಚಾಪೆಯ ಮೇಲೆ ಇಬ್ಬರು. ಒಂದು ಚೊಂಬಿಗೆ ಇಬ್ಬರು. ಅವರು ಆಚೆ ಉಣ್ಣುವಾಗ ಒಲೆಯ ಮುಂದೆ ನನಗೊಂದು ಜೊತೆ. ಆ ಆಸೆ ಎಷ್ಟು ಸಿಹಿಯಾಗಿತ್ತೆಂದರೆ ಅದರ ಮೇಲೆ ನನಗೇ ಭಯವಾಯಿತು. ದುರ್ಗಯ್ಯ ಜಗುಲಿಯಿಂದ ಬಗ್ಗಿ ಮಗುವಿಗೆ ಕ್ಲಕ್ ಎನ್ನಿಸುತ್ತಿದ್ದ. ಅದು ನಕ್ಕು ಎರಡೂ ಕೈ ಅವನ ಕಡೆ ಎತ್ತುತ್ತಿತ್ತು. ಅವನು ಕೈ ಹಿಂದೆ ಕಟ್ಟಿಕೊಳ್ಳುತ್ತಿದ್ದ. ಅಪ್ಪ ಯಾಕೆ ಎತ್ತಿಕೊಳ್ಳುವುದಿಲ್ಲ ಎಂದು ಐದಾರು ತಿಂಗಳ ಕೂಸಿಗೆ ಯಾರು ಹೇಳಿಕೊಡುತ್ತಾರೆ? ಕೈ ಎತ್ತಿ ಎತ್ತಿ ಸೋತು ಅದು ಅತ್ತಿತು. ಆ ಅಳು ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಅದನ್ನು ಸದ್ದಿಲ್ಲದೆ ಅಳುತ್ತಿದ್ದೆ, ಅಷ್ಟೇ ವ್ಯತ್ಯಾಸ.

ಮಾರನೆಯ ಬೆಳಿಗ್ಗೆ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಓಬಮ್ಮನ ಮುಂದೆ ಕುಳಿತೆ. "ತಿನ್ಸಿ" ಎಂದೆ. ಅವಳು ಸೂಜಿಯನ್ನು ಕಣ್ಣಿನ ಹತ್ತಿರಕ್ಕೆ ಹಿಡಿದುಕೊಂಡಳು. ಸೂಜಿಯ ಮೊನೆಯಷ್ಟೇ ಎಂದು ಮೂರು ಸಲ ಹೇಳಿದೆ. ತುಪ್ಪ ನಾಲಿಗೆಗೆ ತಗುಲಿತು, ಮಗು ಚಪ್ಪರಿಸಿತು. ಒಂದು ತಿಂಗಳು ದಿನಾ ಬೆಳಿಗ್ಗೆ ಹೀಗೇ.

ಆ ಮೇಲಿನ ದಿನಗಳಲ್ಲಿ ನಾನು ಮಗುವಿನ ಒದ್ದೆ ಬಟ್ಟೆಗಳನ್ನು ಒಂದೊಂದಾಗಿ ಬಿಸಿಲಿಗೆ ಹಿಡಿದು ನೋಡಿದೆ. ಅಗಸರ ಹುಡುಗಿ ನಾನು. ಯಾವ ಕಲೆ ಯಾವುದರದೆಂದು ನೋಡಿದರೆ ಹೇಳಬಲ್ಲೆ. ರಕ್ತವಿಲ್ಲ, ಕಂದು ಇಲ್ಲ. ತುಟಿ ಕೆಂಪಾಗಲಿಲ್ಲ. ಜ್ವರ ಬರಲಿಲ್ಲ. ತಿಂಗಳ ಕೊನೆಗೆ ದುರ್ಗಯ್ಯ ಕೈ ಮುಂದಕ್ಕೆ ತಂದು ಮಗಳನ್ನು ಮೊದಲ ಸಲ ಎತ್ತಿಕೊಂಡ. ಅವನು ಅತ್ತ. ಅವಳು ಅವನ ಮೀಸೆ ಹಿಡಿದು ಎಳೆದಳು. ಅವಳ ಮೈಯಲ್ಲಿ ಸಾಕು ಎನ್ನುವವರು ಹುಟ್ಟಿದ್ದರು ಎಂದುಕೊಂಡೆ. ರಂಗಪ್ಪ ಒಪ್ಪಿದ ಎಂದು ಓಬಮ್ಮ ಅಂದುಕೊಂಡಳು. ಯಾರಾದರೂ ಸರಿ, ಇಬ್ಬರಿಗೂ ಕೈ ಮುಗಿದೆ.

ಆದರೆ ನಾನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇದ್ದದ್ದೊಂದಿತ್ತು. ತುಪ್ಪ ನೆಕ್ಕಿದ ಬಾಯಿಯಲ್ಲೇ ಮಗು ಮೊಲೆಗೆ ಬರುತ್ತದೆ. ಎರಡನೆಯ ದಿನಕ್ಕೇ ಎದೆಯ ಮೇಲೆ ಗುಳ್ಳೆ ಎದ್ದವು. ಸಹಿಸಿಕೊಂಡು ಕುಡಿಸಿದೆ, ಒಡೆದು ರಕ್ತ ಬರುವವರೆಗೆ ಕುಡಿಸಿದೆ. ಆಮೇಲೆ ಆಗಲಿಲ್ಲ. ಓಬಮ್ಮ ಕತ್ತೆಯ ಹಾಲು ಕರೆಸಿ ಒಳಲೆಯಲ್ಲಿ ಹಾಕಿ ಕುಡಿಸಿದಳು. ಕತ್ತೆ ಹಾಲು ಮಕ್ಕಳಿಗೆ ಒಳ್ಳೆಯದೆಂದು ಊರಿನವರೆಲ್ಲ ನಮ್ಮ ಮನೆಗೆ ಬಂದು ಕೊಂಡು ಹೋಗುತ್ತಾರೆ. ಒಳ್ಳೆಯದೇ ಇರಬೇಕು, ಮಗಳು ಗುಂಡಗಾದಳು. ನಾನು ಎದೆಗೆ ಬಟ್ಟೆ ಬಿಗಿದು ಕಟ್ಟಿಕೊಂಡು ಎದುರಿನ ಗೋಡೆಗೆ ಒರಗಿ ಅವಳು ಕುಡಿಯುವುದನ್ನು ನೋಡುತ್ತಿದ್ದೆ. ಬಟ್ಟೆ ಒದ್ದೆಯಾಗುತ್ತಿತ್ತು.

ಅವಳು ಅಂಬೆಗಾಲಿಡುವ ಹೊತ್ತಿಗೆ ಮನೆಯ ತುಂಬ ಅವಳೇ. ಅಜ್ಜಿಯ ಕಪ್ಪು ಬೆರಳು ಚೀಪುತ್ತಾಳೆ, ಗುರುತಿನ ಬಟ್ಟೆಯ ರಾಶಿಯ ಮೇಲೆ ಹೊರಳುತ್ತಾಳೆ, ಅಪ್ಪನ ಸೂಜಿಗೆ ಕೈ ಹಾಕುತ್ತಾಳೆ. ನನ್ನ ಹತ್ತಿರ ಬರಬೇಕಾದರೆ ಮಾತ್ರ ಕೈ, ಮುಖ, ಕಾಲು ಎಲ್ಲ ಸೋಪು ಹಾಕಿ ಉಜ್ಜಿಸಿಕೊಳ್ಳಬೇಕು. ಅದು ಅವಳಿಗೆ ಆಗದು. ಸ್ವಲ್ಪ ದಿನದಲ್ಲೇ ನನ್ನನ್ನು ಕಂಡರೆ ಸೋಪಿನ ಭಯಕ್ಕೆ ಅಜ್ಜಿಯ ಸೀರೆಯಲ್ಲಿ ಮುಖ ಹುದುಗಿಸತೊಡಗಿದಳು. ಮಗುವಿನ ಮೇಲೆ ಸಿಟ್ಟು ಮಾಡಿಕೊಳ್ಳಲಾಗುತ್ತದೆಯೇ? ಒಲೆಯ ಮೇಲೆ ಮಾಡಿಕೊಂಡೆ, ಪಾತ್ರೆಯ ಮೇಲೆ ಮಾಡಿಕೊಂಡೆ. ನಾನು ಬೇಕೆಂದೇ ಮಾಡಿದ್ದು ಇದು. ಅವಳು ಒಂಟಿಯಾಗಬಾರದು ಎಂದೇ ಮಾಡಿದ್ದು. ಅವಳು ಆಗಲಿಲ್ಲ.

ಆ ವರ್ಷದ ಕಾರ್ತಿಕದಲ್ಲಿ ಒಂದು ಮಧ್ಯಾಹ್ನ. ದುರ್ಗಯ್ಯ ಕೆರೆಗೆ ಹೋಗಿದ್ದ, ಓಬಮ್ಮ ತೂಕಡಿಸುತ್ತಿದ್ದಳು. ನಾನು ಅಕ್ಕಿ ಆರಿಸುತ್ತಿದ್ದೆ. ರಂಗಿ ಗೋಡೆ ಹಿಡಿದು ಹಿಡಿದು ನಡೆಯುತ್ತ ಅಡುಗೆಮನೆಯ ಹೊಸಲಿನ ಹತ್ತಿರ ಬಂದಳು. ಅಂಗೈ ಕಪ್ಪು, ಕೆನ್ನೆಯ ಮೇಲೆ ಕಪ್ಪು ಗೀಟು. ಅಜ್ಜಿಯ ಪಕ್ಕದಲ್ಲಿದ್ದ ಒಡೆದ ಕಾಯಿಯ ಜೊತೆ ಆಡಿದ್ದಳು. ಬೇರೆ ದಿನವಾದರೆ ನನ್ನನ್ನು ನೋಡಿ ಹಿಂದಕ್ಕೆ ತಿರುಗಬೇಕು. ತಿರುಗಲಿಲ್ಲ. ಗೋಡೆ ಬಿಟ್ಟಳು. ಹೊಸಲು ದಾಟಿ, ಯಾರ ಆಸರೆಯೂ ಇಲ್ಲದೆ ತಟ್ಟಾಡಿಕೊಂಡು ಬಂದು ನನ್ನ ಮುಂದೆ ನಿಂತು ಆ ಎರಡು ಕಪ್ಪು ಕೈಗಳನ್ನೂ ಮೇಲಕ್ಕೆ ಎತ್ತಿದಳು.

"ಅವ್ವ, ಎತ್ಕೋ."

ಸೋಪು ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು. ನೀರಿನ ಬಿಂದಿಗೆಯೂ ಇತ್ತು. ನನ್ನ ಮೈಗೆ ಗೊತ್ತಿದ್ದದ್ದೆಲ್ಲ ನನಗೂ ಗೊತ್ತಿತ್ತು. ಅಕ್ಕಿಯ ಮೊರವನ್ನು ಸರಿಸಿ ಅವಳನ್ನು ಎತ್ತಿಕೊಂಡೆ. ಅವಳು ಎರಡೂ ಅಂಗೈಯಲ್ಲಿ ನನ್ನ ಮುಖ ಹಿಡಿದುಕೊಂಡು ಹಣೆಗೆ ಹಣೆ ಒತ್ತಿದಳು. ಹಾಗೇ ನನ್ನ ಕುತ್ತಿಗೆಯಲ್ಲಿ ಮುಖವಿಟ್ಟು ನಿದ್ದೆ ಹೋದಳು. ಬಿಸಿಲು ಇಳಿಯುವವರೆಗೂ ನಾನು ಅವಳನ್ನು ಕೆಳಗೆ ಇಳಿಸಲಿಲ್ಲ.

ಮೂರನೆಯ ದಿನಕ್ಕೆ ಕಣ್ಣು ಪೂರ್ತಿ ಮುಚ್ಚಿಹೋಗಿತ್ತು. ಚಾಪೆಯ ಮೇಲೆ ಬಿದ್ದುಕೊಂಡಿದ್ದೆ. ಆಚೆ ಕೋಣೆಯಲ್ಲಿ ರಂಗಿ ನಗುವುದು, ಅವಳ ಹೆಜ್ಜೆಯ ಸದ್ದು ಕೇಳಿಸುತ್ತಿತ್ತು. ಓಬಮ್ಮ ತಡಕಾಡಿಕೊಂಡು ಬಂದು ನನ್ನಿಂದ ಸ್ವಲ್ಪ ದೂರದಲ್ಲಿ ಕುಳಿತಳು. ಆವತ್ತು ನಮ್ಮಿಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ.

"ಗೊತ್ತಿದ್ದೂ ಯಾಕಮ್ಮಿ ಎತ್ಕಂಡೆ?"

"ಎತ್ಕೋ ಅಂದ್ಲು, ಅತ್ತೆ" ಎಂದೆ.